ಕಡಲು ಮುಟ್ಟಬೇಕಾದ ನೀರು

ಶನಿವಾರ, ಹೆಎಇಯಾ

ಹವಾಯಿಯ ಹೊಳೆಗಳನ್ನು ನೋಡಬೇಕೆಂದು ಬಂದವನನ್ನು ತಂಗಿ ಮೊದಲು ಕರೆದೊಯ್ದದ್ದು ಕಡಲ ದಂಡೆಗೆ. ಚಿಕ್ಕಪ್ಪನ ಮಗಳಾದ ಅವಳು ಹೊನೊಲುಲುವಿನಲ್ಲಿ ಜಲವಿಜ್ಞಾನ ಓದುತ್ತಿದ್ದಾಳೆ. "ಬೆಟ್ಟಕ್ಕೆ ಆಮೇಲೆ ಹೋಗೋಣ ಅಣ್ಣ. ಮೇಲಿನವರು ಹೊಳೆಯನ್ನು ಹೇಗೆ ನೋಡಿಕೊಂಡಿದ್ದಾರೆ ಎಂಬುದು ಅಳಿವೆಯಲ್ಲಿ ಗೊತ್ತಾಗುತ್ತದೆ" ಎಂದಳು.

ಒವಾಹು ದ್ವೀಪದ ಪೂರ್ವದ ಮಗ್ಗುಲಲ್ಲಿ ಕಾನೆಓಹೆ ಕೊಲ್ಲಿ. ಅದರ ಅಂಚಿನಲ್ಲಿ ಹೆಎಇಯಾ ಹೊಳೆ ಕಡಲನ್ನು ಸೇರುವ ಕಡೆ 88 ಎಕರೆಯ ಒಂದು ಮೀನುಕೊಳವಿದೆ. ಸುತ್ತಲೂ ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದದ ಕಲ್ಲಿನ ಗೋಡೆ. ಅದನ್ನು ಕಟ್ಟಿ 600ರಿಂದ 800 ವರ್ಷಗಳಾಗಿವೆ. ಹೊರಗೂ ಒಳಗೂ ಕಪ್ಪು ಬಸಾಲ್ಟ್ ಕಲ್ಲು, ನಡುವೆ ಹವಳದ ಚೂರು, ಗಾರೆಯಿಲ್ಲ. ಗೋಡೆಯ ನಡುವೆ ಅಲ್ಲಲ್ಲಿ ತೂಬುಗಳಿವೆ. ಮಾಕಾಹಾ ಎಂಬ ಈ ತೂಬುಗಳಿಗೆ ಮರದ ಸರಳುಗಳನ್ನು ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ. ಉಬ್ಬರದ ನೀರಿನೊಂದಿಗೆ ಮರಿಮೀನುಗಳು ಸರಳುಗಳ ಸಂದಿನಲ್ಲಿ ಒಳಗೆ ನುಸುಳುತ್ತವೆ, ಒಳಗೇ ಮೇಯ್ದು ದಪ್ಪವಾಗುತ್ತವೆ, ಆಮೇಲೆ ಅದೇ ಸಂದಿನಲ್ಲಿ ಹೊರಗೆ ಹೋಗಲಾರವು. ಮೊಟ್ಟೆಯಿಡುವ ಕಾಲಕ್ಕೆ ಕಡಲಿಗೆ ಹೋಗಬೇಕೆಂದು ತೂಬಿನ ಬಳಿ ತಾವೇ ಬಂದು ಗುಂಪುಗೂಡುತ್ತವೆ. ಬೇಕಾದಷ್ಟನ್ನು ಬಲೆಯಲ್ಲಿ ಎತ್ತಿಕೊಂಡರಾಯಿತು.

ಇಲ್ಲಿ ಮೀನಿಗೆ ಯಾರೂ ಮೇವು ಹಾಕುತ್ತಿರಲಿಲ್ಲ. ಹೊಳೆಯ ಸಿಹಿನೀರು ಬೆಟ್ಟದಿಂದ ತರುವ ಸತ್ವದಿಂದ ಕೊಳದ ತಳದಲ್ಲಿ ಪಾಚಿ ಬೆಳೆಯುತ್ತದೆ, ಪಾಚಿಯನ್ನು ಅಮಾಮಾ ಎಂಬ ಮೀನು ಮೇಯುತ್ತದೆ. ಸಿಹಿಯೂ ಉಪ್ಪೂ ಬೆರೆಯುವ ಈ ನೀರೇ ಕೊಳದ ಬಂಡವಾಳ. ಬೆಟ್ಟದ ನೆತ್ತಿಯಿಂದ ಹವಳದ ದಿಬ್ಬದವರೆಗಿನ ಭೂಮಿಯನ್ನು ಹವಾಯಿಯ ಹಿರಿಯರು ಒಂದೇ ಘಟಕವಾಗಿ ಗುರುತಿಸಿದ್ದರು. ಅದರ ಹೆಸರು ಅಹುಪುಆಅ. ಕಾಡು, ಗದ್ದೆ, ಹೊಳೆ, ಕೊಳ, ಕಡಲು ಎಲ್ಲ ಒಬ್ಬ ಮೇಲ್ವಿಚಾರಕನ ಉಸ್ತುವಾರಿಯಲ್ಲಿದ್ದವು. ಮೇಲೆ ಹೊಳೆ ಕೆಟ್ಟರೆ ಕೆಳಗೆ ಅನ್ನ ಕೆಡುತ್ತದೆ ಎಂಬುದನ್ನು ಅವನಿಗೆ ಯಾರೂ ವರದಿ ಬರೆದು ತಿಳಿಸಬೇಕಾಗಿರಲಿಲ್ಲ.

1965ರ ದೊಡ್ಡ ನೆರೆಗೆ ಗೋಡೆ ಒಡೆದು ದೊಡ್ಡ ಬಿರುಕು ಬಿದ್ದಿತು. ಅದಾಗಲೇ ಹೊರಗಿನಿಂದ ತಂದು ನೆಟ್ಟಿದ್ದ ಕೆಂಪು ಮ್ಯಾಂಗ್ರೋವ್ ಗೋಡೆಯ ಕಲ್ಲುಗಳೊಳಗೆ ಬೇರಿಳಿಸಿ ಕೊಳವನ್ನೇ ನುಂಗುತ್ತಿತ್ತು. ಪಯೆಪಯೆ ಒ ಹೆಎಇಯಾ ಎಂಬ ಸ್ಥಳೀಯರ ಸಂಸ್ಥೆ ಶನಿವಾರಗಳಂದು ಜನರನ್ನು ಸೇರಿಸಿ ಗಿಡ ಕಡಿದು, ಕಲ್ಲು ಹೊತ್ತು, ವರ್ಷಗಟ್ಟಲೆ ದುಡಿಯಿತು. 2015ರ ಡಿಸೆಂಬರಿನಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿ ಆ ಬಿರುಕನ್ನು ಮುಚ್ಚಿದರು. ನಾವೂ ಇವತ್ತು ಮ್ಯಾಂಗ್ರೋವ್ ಎಳೆದೆವು. ಕುಂದಾಪುರ, ಕುಮಟಾ, ಹೊನ್ನಾವರಗಳ ಹಿನ್ನೀರಿನಲ್ಲಿ ಕಾಂಡ್ಲಾ ಗಿಡ ಉಳಿಸಿ ಎಂದು ಬೇಡಿಕೊಳ್ಳುವ ಊರಿನಿಂದ ಹೋದ ನನಗೆ ಮೊದಲ ಗಿಡಕ್ಕೆ ಕೈ ಹಾಕುವಾಗ ಸಂಕಟವಾಯಿತು. ಆದರೆ ಹವಾಯಿಯಲ್ಲಿ ಮ್ಯಾಂಗ್ರೋವ್ ಹುಟ್ಟಿದ್ದೇ ಅಲ್ಲ. 1902ರಲ್ಲಿ ಮೊದಲು ಬಂದದ್ದು. ನಮ್ಮ ಕಡಲಿಗೆ ರಕ್ಷೆಯಾದ ಗಿಡ ಇಲ್ಲಿ ಒತ್ತುವರಿದಾರ. ಯಾವ ಗಿಡ ಒಳ್ಳೆಯದು ಎಂಬ ಪ್ರಶ್ನೆಗೆ ಊರನ್ನು ಬಿಟ್ಟು ಉತ್ತರವಿಲ್ಲ.

ಕೊಳದ ನೀರಿನಲ್ಲಿ ಒಂದು ಕೊಳವೆ ಕಂಡಿತು. ಉಷ್ಣತೆ, ಉಪ್ಪು, ಆಮ್ಲಜನಕಗಳನ್ನು ಸದಾ ಅಳೆಯುವ ಸಂವೇದಕ ಅದರೊಳಗಿದೆ ಎಂದು ತಂಗಿ ತೋರಿಸಿದಳು. 2009ರಲ್ಲಿ ಈ ಕೊಳದಲ್ಲಿ ಸಾಕಿದ್ದ ಮೋಯ್ ಮೀನುಗಳು ಎರಡು ಬಾರಿ ರಾಶಿರಾಶಿಯಾಗಿ ಸತ್ತವು. ವಿಜ್ಞಾನಿಗಳು ಅಳತೆಗಳನ್ನು ಜೋಡಿಸಿ ನೋಡಿದಾಗ ಕಾರಣ ಸಿಕ್ಕಿತು. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೋ ಹೊತ್ತಿನಲ್ಲಿ, ಇಲ್ಲಿ ಸದಾ ಬೀಸುವ ವಾಣಿಜ್ಯ ಮಾರುತ ಬಿದ್ದುಹೋಗಿ, ನೀರು ಕದಡದೆ ಬಿಸಿಯಾಗಿ, ಆಮ್ಲಜನಕ ತಗ್ಗಿತ್ತು. ಕೊಳ ಕಾಯುವವರು ಗಾಳಿಯ ದಿಕ್ಕನ್ನೂ ಚಂದ್ರನ ತಿಥಿಯನ್ನೂ ದಿನವೂ ಗಮನಿಸಿ ಬರೆದಿಡುತ್ತಾರೆ. ಈ ಗಮನಿಕೆಗೆ ಕಿಲೋ ಎಂದು ಹೆಸರು. ಸಂವೇದಕದ ಅಂಕಿಯೂ ಕಿಲೋದ ಟಿಪ್ಪಣಿಯೂ ಈಗ ಒಂದೇ ಮೇಜಿನ ಮೇಲೆ ಕೂಡುತ್ತವೆ. 2017ರಲ್ಲಿ ಇಡೀ ಪ್ರದೇಶವನ್ನು ಅಮೆರಿಕದ ರಾಷ್ಟ್ರೀಯ ಅಳಿವೆ ಸಂಶೋಧನಾ ಮೀಸಲಾಗಿ ಘೋಷಿಸಿದ್ದಾರೆ. ಮೀಸಲು ಎಂದರೆ ಇಲ್ಲಿ ಬೇಲಿ ಹಾಕಿ ಜನರನ್ನು ಹೊರಗಟ್ಟುವುದಲ್ಲ. ದುಡಿಯುವ ಜನರೂ ಅದರ ಭಾಗ. ಇದು ನನಗೆ ಬಹಳ ಹಿಡಿಸಿತು.

ಮಧ್ಯಾಹ್ನ ಹೊಳೆಯ ಜಾಡು ಹಿಡಿದು ಮೇಲಕ್ಕೆ ಹೋದೆವು. ಕಾಕೊಓ ಒಇವಿ ಎಂಬ ಸಂಸ್ಥೆ 405 ಎಕರೆ ಜೌಗಿನಲ್ಲಿ ಆಳೆತ್ತರದ ಹುಲ್ಲು ತೆಗೆದು ಮತ್ತೆ ಲೊಇ ಎಂಬ ಗದ್ದೆಗಳನ್ನು ಕಟ್ಟುತ್ತಿದೆ. ಗದ್ದೆಯಲ್ಲಿ ನಿಂತ ಬೆಳೆಯನ್ನು ನೋಡಿದ ಕೂಡಲೆ ಗುರುತು ಸಿಕ್ಕಿತು: ಕೆಸು! ಮಳೆಗಾಲ ಬಂತೆಂದರೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಪತ್ರೊಡೆಯಾಗುವ ಅದೇ ಎಲೆ. ನಾವು ಅದನ್ನು ಬಚ್ಚಲ ನೀರು ಹೋಗುವ ಕಡೆ ತಾನಾಗಿ ಬೆಳೆಯಲು ಬಿಟ್ಟಿದ್ದೇವೆ. ಹವಾಯಿಯವರಿಗೆ ಅದು ಕಾಲೊ, ಮನೆಯ ಹಿರಿಯಣ್ಣ. ಆಕಾಶಪಿತ ವಾಕೆಯಾನಿಗೂ ಹೊಓಹೊಕೂಕಲನಿಗೂ ಹುಟ್ಟಿದ ಮೊದಲ ಮಗು ಸತ್ತೇ ಹುಟ್ಟಿತು, ಹೂತ ಜಾಗದಲ್ಲಿ ಕೆಸುವಿನ ಗಿಡ ಎದ್ದಿತು, ಎರಡನೆಯ ಮಗು ಹಾಲೋವನಿಂದ ಮನುಷ್ಯರ ಸಂತಾನ ಬೆಳೆಯಿತು ಎಂಬುದು ಅವರ ಕಥೆ. ಅಣ್ಣ ತಮ್ಮನಿಗೆ ಉಣಿಸುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು.

ಮೊಣಕಾಲು ಮುಳುಗುವ ಕೆಸರಿನಲ್ಲಿ ನಿಂತು ಸಸಿ ಊರಿದೆ. ಬೆಟ್ಟದಿಂದ ಕೆಂಪಾಗಿ ಬಂದ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತಾ ಮಣ್ಣನ್ನು ಬಿಟ್ಟು, ಕೊನೆಯ ಗದ್ದೆಯಿಂದ ತಿಳಿಯಾಗಿ ಹೊಳೆಗೆ ಮರಳುತ್ತಿತ್ತು. ಕೊಲ್ಲಿಯ ಹವಳದ ಮೇಲೆ ಹೂಳು ಕೂರದಿರುವುದಕ್ಕೆ ಇದಕ್ಕಿಂತ ಸರಳ ಉಪಾಯ ಬೇರೊಂದಿಲ್ಲ.

ಭಾನುವಾರ, ವಾಯಾಹೋಲೆ

ಕೊಲ್ಲಿಯ ಬದಿಯ ಹೆದ್ದಾರಿಯಲ್ಲಿ ಉತ್ತರಕ್ಕೆ ಸ್ವಲ್ಪ ಹೋದರೆ ವಾಯಾಹೋಲೆ ಕಣಿವೆ. ಹವಾಯಿಯ ನೀರಿನ ಜಗಳಗಳಲ್ಲಿ ಅತಿ ದೊಡ್ಡದು ನಡೆದದ್ದು ಈ ಪುಟ್ಟ ಕಣಿವೆಗಾಗಿ.

ಕೊಓಲಾವ್ ಬೆಟ್ಟದೊಳಗೆ ಲಂಬವಾಗಿ ನಿಂತ ಗಟ್ಟಿ ಶಿಲೆಯ ಹಾಸುಗಳಿವೆ. ಮಳೆಯ ನೀರು ಅವುಗಳ ನಡುವೆ ಸಿಕ್ಕಿಕೊಂಡು ಎತ್ತರದಲ್ಲೇ ನಿಲ್ಲುತ್ತದೆ, ಮೆಲ್ಲಗೆ ಒಸರಿ ಹೊಳೆಯಾಗುತ್ತದೆ. 1913ರಿಂದ 1916ರ ನಡುವೆ ಬೆಟ್ಟ ಕೊರೆದು ಸುರಂಗ, ಕಾಲುವೆ ಮಾಡಿ, ಈ ಮಗ್ಗುಲಿನ ನೀರನ್ನೆಲ್ಲ ಆಚೆಗಿನ ಒಣ ಬಯಲಿನ ಕಬ್ಬಿನ ತೋಟಗಳಿಗೆ ಒಯ್ದರು. ಸುಮಾರು 25 ಮೈಲಿ ಉದ್ದದ ವ್ಯವಸ್ಥೆ. ಸುರಂಗ ಹೊಳೆಯ ನೀರನ್ನು ಮಾತ್ರವಲ್ಲ, ಹೊಳೆಯನ್ನು ಹುಟ್ಟಿಸುವ ಬೆಟ್ಟದ ಒಡಲನ್ನೇ ಬರಿದು ಮಾಡಿತು. ವಾಯಾಹೋಲೆ, ವಾಯಾನು, ವಾಯ್‌ಕಾನೆ, ಕಹಾನಾ ಹೊಳೆಗಳು ಬಡಕಲಾದವು. ಕೆಸುವಿನ ಗದ್ದೆಗಳು ಒಂದೊಂದಾಗಿ ಪಾಳುಬಿದ್ದವು.

1995ರಲ್ಲಿ ಕಬ್ಬಿನ ಕಂಪನಿ ಮುಚ್ಚಿತು. ಹಾಗಾದರೆ ನೀರು ತನ್ನ ಹೊಳೆಗೆ ಮರಳಲಿ ಎಂದು ಈ ಮಗ್ಗುಲಿನ ರೈತರು ಕೇಳಿದರು. ಆಚೆ ಮಗ್ಗುಲಿನಲ್ಲಿ ಬೇರೆ ಬೇಸಾಯಕ್ಕೆ, ಬಡಾವಣೆಗಳಿಗೆ ನೀರು ಬೇಕೆಂದು ಇತರರು ಕೇಳಿದರು. ವ್ಯಾಜ್ಯ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2000ನೆಯ ಇಸವಿಯ ಆಗಸ್ಟಿನಲ್ಲಿ ಬಂದ ತೀರ್ಪಿನ ತಿರುಳು ಇದು: ನೀರು ಯಾರ ಸ್ವತ್ತೂ ಅಲ್ಲ, ಸರಕಾರ ಅದರ ಧರ್ಮದರ್ಶಿ ಮಾತ್ರ. ಹೊಳೆಯಲ್ಲಿ ಉಳಿಯುವ ನೀರೂ ಒಂದು ಬಳಕೆಯೇ. ವಿಜ್ಞಾನ ಇನ್ನೂ ಖಚಿತ ಉತ್ತರ ಕೊಟ್ಟಿಲ್ಲ ಎಂಬುದು ನೀರು ತೆಗೆಯುವುದಕ್ಕೆ ನೆಪವಾಗಬಾರದು. ಅನುಮಾನವಿದ್ದಲ್ಲಿ ಹೊಳೆಯ ಪರ ನಿಲ್ಲಬೇಕು. ಕಾಲುವೆಗೆ ಹೋಗುತ್ತಿದ್ದ ನೀರಿನ ಒಂದು ಪಾಲು ವಾಯಾಹೋಲೆಗೆ ಮರಳಿತು, ಎಲ್ಲವೂ ಅಲ್ಲ.

ಸೇತುವೆಯ ಮೇಲೆ ನಿಂತು ಆ ನೀರನ್ನು ನೋಡುವಾಗ ನನ್ನ ಮನಸ್ಸು ಸಕಲೇಶಪುರದ ಕಡೆ ಓಡಿತು. ನೇತ್ರಾವತಿಗೆ ಸೇರುವ ಹೊಳೆಗಳಿಂದ 24 ಟಿಎಂಸಿ ನೀರನ್ನು ಘಟ್ಟದಾಚೆಗೆ, ಕೋಲಾರ, ಚಿಕ್ಕಬಳ್ಳಾಪುರಗಳತ್ತ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಒದ್ದೆ ಮಗ್ಗುಲಿನಿಂದ ಒಣ ಮಗ್ಗುಲಿಗೆ ಎಂಬ ಅದೇ ಲೆಕ್ಕ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ನೀರು ಕುಡಿದವರ ಕಷ್ಟವನ್ನು ಯಾರೂ ಹಗುರವಾಗಿ ಆಡಬಾರದು. ನನಗೆ ಸಹಿಸಲಾಗದ್ದು ಆ ವಾದದ ಜೊತೆಗೆ ಬರುವ ಒಂದು ಮಾತು: "ಹೇಗೂ ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು." ನೂರು ವರ್ಷಗಳ ಹಿಂದೆ ಇಲ್ಲಿಯ ಕಬ್ಬಿನ ಧಣಿಗಳ ಎಣಿಕೆಯೂ ಇದೇ ಆಗಿತ್ತು.

ವ್ಯರ್ಥವಲ್ಲ ಎಂದು ತೋರಿಸಲು ಇಲ್ಲೊಂದು ಮೀನಿದೆ. ಒಓಪು ಎಂದು ಕರೆಯುವ ಐದು ಜಾತಿಯ ಚಿಕ್ಕ ಮೀನುಗಳು; ಹವಾಯಿಯ ಹೊಳೆಗಳ ಮೂಲನಿವಾಸಿ ಮೀನುಗಳೆಂದರೆ ಬಹುಮಟ್ಟಿಗೆ ಇವೇ. ತಾಯಿ ಹೊಳೆಯ ಕಲ್ಲಿಗೆ ಮೊಟ್ಟೆ ಅಂಟಿಸುತ್ತದೆ. ಒಡೆದ ಮರಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಹರಿವಿನೊಂದಿಗೆ ತೇಲಿ ಕೆಲವೇ ದಿನಗಳಲ್ಲಿ ಕಡಲು ಸೇರಬೇಕು, ಇಲ್ಲವಾದರೆ ಸಾಯುತ್ತದೆ. ಕಡಲಿನಲ್ಲಿ ತಿಂಗಳುಗಟ್ಟಲೆ ಕಳೆದು, ಸಿಹಿನೀರಿನ ಎಳೆ ಸಿಕ್ಕ ಅಳಿವೆಯಲ್ಲಿ ಗುಂಪಾಗಿ ಒಳಗೆ ಬರುತ್ತದೆ. ಆ ಮರಿಗಳಿಗೆ ಹಿನಾನಾ ಎಂದು ಹೆಸರು. ಎಷ್ಟು ದಿನ ಕಡಲಲ್ಲಿತ್ತು ಎಂಬುದನ್ನು ವಿಜ್ಞಾನಿಗಳು ಮೀನಿನ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿ ದಿನಕ್ಕೊಂದರಂತೆ ಮೂಡುವ ಉಂಗುರಗಳನ್ನು ಎಣಿಸಿ ಹೇಳುತ್ತಾರೆ. ಮರಿ ಹುಟ್ಟಿದ ಹೊಳೆಗೇ ಮರಳಬೇಕೆಂದಿಲ್ಲ. ಕಡಲಲ್ಲಿ ಎಲ್ಲ ಹೊಳೆಗಳ ಮರಿಗಳೂ ಬೆರೆಯುತ್ತವೆ, ಒಂದು ಕಣಿವೆಯ ಮರಿ ಇನ್ನೊಂದು ಕಣಿವೆಯನ್ನು ತುಂಬುತ್ತದೆ. ಹೊಳೆ ಕಡಲು ಮುಟ್ಟುವ ಮುನ್ನ ಒಣಗಿದರೆ ಹೋಗುವ ಮರಿಯೂ ಇಲ್ಲ, ಬರುವ ಮರಿಯೂ ಇಲ್ಲ. ಮೇಲೆ ಎಷ್ಟೇ ಚೆಂದದ ಮಡುಗಳಿದ್ದರೂ ಆ ಹೊಳೆ ಬಂಜೆ.

ಸೋಮವಾರ, ಮಾನೋವಾ

ವಿಶ್ವವಿದ್ಯಾಲಯದ ಆವರಣದಲ್ಲೇ, ಮಾನೋವಾ ಹೊಳೆಯ ಪಕ್ಕದಲ್ಲಿ ಕಾನೆವಾಯ್ ಎಂಬ ಕೆಸುವಿನ ಗದ್ದೆಯಿದೆ. 1980ರಲ್ಲಿ ಕೆಲವು ವಿದ್ಯಾರ್ಥಿಗಳು ಪೊದೆಯೊಳಗೆ ಹಳೆಯ ನೀರುಕಾಲುವೆಯ ಗುರುತು ಕಂಡು, ಊರಿನ ಹಿರಿಯರನ್ನು ಕೇಳಿ, ಅದನ್ನು ತೆರೆದರು. ಈಗ ತರಗತಿಗಳೇ ಅಲ್ಲಿ ನಡೆಯುತ್ತವೆ. ಕೆಸುವಿನ ಹಲವು ಹಳೆಯ ತಳಿಗಳನ್ನು ಹೆಸರು ಬರೆದು ನೆಟ್ಟಿದ್ದಾರೆ; ಕಾಂಡ ಕಪ್ಪಗಿನದು, ನಸುಗೆಂಪಿನದು, ಎಲೆಗೆ ಬಿಳಿ ಅಂಚಿನದು. ಇದೇ ವಿಶ್ವವಿದ್ಯಾಲಯ ಮೂರು ಕೆಸು ತಳಿಗಳ ಮೇಲೆ ಪೇಟೆಂಟ್ ಪಡೆದಿತ್ತು. ನಮ್ಮ ಹಿರಿಯಣ್ಣನಿಗೆ ನೀವು ಒಡೆಯರಾಗುವುದು ಹೇಗೆ ಎಂದು ಹವಾಯಿಯ ಜನ ಪ್ರತಿಭಟಿಸಿದ ಮೇಲೆ 2006ರಲ್ಲಿ ಆ ಹಕ್ಕನ್ನು ಬಿಟ್ಟುಕೊಟ್ಟಿತು.

ಕೆಳಗೆ ಪೇಟೆಯಲ್ಲಿ ಇದೇ ಹೊಳೆಯ ನೀರು ಅಲಾ ವಾಯ್ ನಾಲೆಗೆ ಬೀಳುತ್ತದೆ. ವಾಯ್‌ಕೀಕಿಯ ಗದ್ದೆ, ಮೀನುಕೊಳಗಳನ್ನು ಬತ್ತಿಸಲು 1920ರ ದಶಕದಲ್ಲಿ ತೋಡಿದ ನಾಲೆ ಇದು. ಜಗತ್ತೆಲ್ಲ ಬಂದು ಮಲಗುವ ಆ ಮರಳ ದಂಡೆಯ ಹಿಂದಿನ ಹೋಟೆಲುಗಳ ನೆಲವೆಲ್ಲ ಒಂದು ಕಾಲಕ್ಕೆ ಊರಿಗೆ ಉಣಿಸುತ್ತಿದ್ದ ಜೌಗು. ನಾಲೆಯ ನೀರು ಮಂದವಾಗಿ, ಕಂದಾಗಿ ನಿಂತಿತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಂಗಳವಾರ, ಮಾವಿ

ಬೆಳಗಿನ ವಿಮಾನದಲ್ಲಿ ಮಾವಿ ದ್ವೀಪಕ್ಕೆ ಬಂದೆವು. ಕಿಟಕಿಯಿಂದ ದ್ವೀಪದ ನಡುವಿನ ಬಯಲು ಕಾಣುತ್ತದೆ. 2016ರ ಡಿಸೆಂಬರಿನವರೆಗೂ ಅದು ಕಬ್ಬಿನ ಗದ್ದೆ. ಹವಾಯಿಯ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿದ್ದು ಇಲ್ಲೇ. ಒಂದು ಕಿಲೋ ಸಕ್ಕರೆಯ ಹಿಂದೆ ಎಷ್ಟು ಹೊಳೆ ಹೋಗಿದೆ ಎಂಬ ಲೆಕ್ಕವನ್ನು ಈ ಬಯಲಿನಲ್ಲಿ ಓದಬಹುದು. ಪೂರ್ವ ಮಾವಿಯ ಕಾಡಿನಿಂದ ನೀರು ತರುವ ಕಾಲುವೆ, ಸುರಂಗಗಳ ಜಾಲ 1870ರ ದಶಕದಲ್ಲಿ ಆರಂಭವಾಗಿ 74 ಮೈಲಿಗೆ ಬೆಳೆಯಿತು. ಪಶ್ಚಿಮದ ಬೆಟ್ಟದಿಂದ ಇಳಿಯುವ ನಾಲ್ಕು ಹೊಳೆಗಳು, ಅಂದರೆ ವಾಯ್‌ಕಪೂ, ವಾಯ್‌ಲುಕು, ವಾಯೆಹು ಮತ್ತು ವಾಯ್‌ಹೆಎ, ನಾ ವಾಯ್ ಎಹಾ ಎಂದು ಹೆಸರಾದವು. ಅವುಗಳ ದಡದಲ್ಲಿ ಹವಾಯಿಯಲ್ಲೇ ಅತಿ ವಿಸ್ತಾರವೆನಿಸಿದ ಕೆಸುವಿನ ಗದ್ದೆಗಳಿದ್ದವು. ಕಾಲುವೆಗಳು ಬಂದ ಮೇಲೆ ಹೊಳೆಗಳು ಕೆಳಪಾತಳಿಯಲ್ಲಿ ವರ್ಷದ ಬಹುಪಾಲು ಒಣಕಲ್ಲಾಗಿ ಬಿದ್ದಿದ್ದವು.

ಇಲ್ಲಿಯ ಜನರ ಒಕ್ಕೂಟ 2004ರಲ್ಲಿ ರಾಜ್ಯದ ಜಲ ಆಯೋಗಕ್ಕೆ ಅರ್ಜಿ ಹಾಕಿತು. 2010ರಲ್ಲಿ ಆಯೋಗ ಎರಡು ಹೊಳೆಗಳಿಗೆ ಮಾತ್ರ ಒಂದಿಷ್ಟು ನೀರು ಬಿಟ್ಟಿತು. 2012ರಲ್ಲಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. 2014ರ ಒಪ್ಪಂದದಿಂದ ನಾಲ್ಕೂ ಹೊಳೆಗಳಿಗೆ ನೀರು ಮರಳಿತು. ಈಯಾವ್ ಕಣಿವೆಯಿಂದ ಇಳಿಯುವ ವಾಯ್‌ಲುಕು ಹೊಳೆಯೊಂದಕ್ಕೇ ದಿನಕ್ಕೆ 1 ಕೋಟಿ ಗ್ಯಾಲನ್. ಹತ್ತು ವರ್ಷ ಅರ್ಜಿ, ವಿಚಾರಣೆ, ಮೇಲ್ಮನವಿ! ಮಕ್ಕಳಾಗಿದ್ದವರು ಸಾಕ್ಷಿ ಹೇಳುವ ವಯಸ್ಸಿಗೆ ಬಂದಿದ್ದಾರೆ.

ವಾಯ್‌ಹೆಎ ಕಣಿವೆಯಲ್ಲಿ ಕೆಸು ಬೆಳೆಯುವ ಒಬ್ಬ ಹಿರಿಯರು ತಮ್ಮ ಗದ್ದೆಗೆ ನೀರು ತಿರುಗುವ ಕಟ್ಟವನ್ನು ತೋರಿಸಿದರು. ಹೊಳೆಯ ಉರುಟು ಕಲ್ಲುಗಳನ್ನು ಅಡ್ಡಕ್ಕೆ ಪೇರಿಸಿದ್ದು, ಅಷ್ಟೇ. ಕಲ್ಲುಗಳ ನಡುವೆ ನೀರು ಸೋರಿ ಕೆಳಗೆ ಹೋಗುತ್ತಲೇ ಇತ್ತು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಅಡಿಕೆ ತೋಟದವರು ಮಳೆಗಾಲ ಮುಗಿದ ಮೇಲೆ ತೋಡಿಗೆ ಹಾಕುತ್ತಿದ್ದ ಕಲ್ಲುಮಣ್ಣಿನ ಕಟ್ಟದ ನೆನಪಾಯಿತು. ಸೋರಿಕೆ ಇಲ್ಲಿ ಕಟ್ಟುವವನ ಸೋಮಾರಿತನವಲ್ಲ, ಕಟ್ಟಳೆ. ಔವಾಯ್ ಎಂಬ ಕಾಲುವೆಗೆ ಹೊಳೆಯ ಅರ್ಧಕ್ಕಿಂತ ಹೆಚ್ಚು ನೀರನ್ನು ತಿರುಗಿಸುವಂತಿರಲಿಲ್ಲ. ಕಾಲುವೆ ತೋಡಲು ಯಾವ ಮನೆ ಎಷ್ಟು ಆಳು ಕೊಟ್ಟಿತೋ ಅದರ ಪ್ರಕಾರ ನೀರಿನ ಸರದಿ. ಬರ ಬಂದರೆ ಮೇಲ್ವಿಚಾರಕ ರಾತ್ರಿಯೂ ಕಾಲುವೆ ಸುತ್ತಿ ಸರದಿ ನೋಡುತ್ತಿದ್ದ. ಗದ್ದೆಯಲ್ಲಿ ಸುತ್ತಿದ ನೀರು ಮತ್ತೆ ಅದೇ ಹೊಳೆಗೆ ಇಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೀರಿನ ಹಕ್ಕುಗಳ ನ್ಯಾಯಾಧಿಕಾರಿಯಾಗಿದ್ದ ಎಮ್ಮಾ ನಕುಯಿನಾ ಎಂಬ ಹವಾಯಿ ಮಹಿಳೆ ಇಂಥ ಪದ್ಧತಿಗಳನ್ನು ಬರೆದಿಟ್ಟರು. ಅವರ ಬರಹ ಇವತ್ತಿನ ವಿಚಾರಣೆಗಳಲ್ಲೂ ಕೆಲಸಕ್ಕೆ ಬರುತ್ತದೆ.

ಸಂಜೆ ಪೇಟೆಯ ಕೆಳಗೆ ವಾಯ್‌ಲುಕು ಹೊಳೆಯನ್ನು ನೋಡಿದೆವು. ನೆರೆ ತಡೆಯಲೆಂದು ಅದರ ಕೆಳಪಾತಳಿಗೆ ಕಾಂಕ್ರೀಟು ಹಾಸಿದ್ದಾರೆ. ತೆಳುವಾಗಿ ಹರಡಿ ಹರಿಯುವ ನೀರು ಬಿಸಿಲಿಗೆ ಕಾಯುತ್ತದೆ. ಕಡಲಿನಿಂದ ಬರುವ ಮರಿಗೆ ಇದೊಂದು ಉರಿಯುವ ಅಂಗಳ. ನೀರು ಮರಳಿಸಿದ್ದು ಅರ್ಧ ಕೆಲಸ. ಇನ್ನರ್ಧ ಈ ಸಿಮೆಂಟಿನಲ್ಲಿದೆ.

ಬುಧವಾರ, ಮಾವಿ

ಇಡೀ ದಿನ ಮಳೆ. ವಸತಿಗೃಹದ ಮೇಜಿನ ಮೇಲೆ ತಂಗಿ ತನ್ನ ಲೆಕ್ಕಗಳನ್ನು ಬಿಚ್ಚಿದಳು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಹವಾಯಿಯ ಹೊಳೆಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹರಿವನ್ನು ಅಳೆಯುತ್ತಿದೆ. ಮಳೆಯಿಲ್ಲದ ದಿನಗಳಲ್ಲೂ ಒರತೆಯಿಂದ ಹರಿಯುವ ಮೂಲ ಹರಿವು 1940ರ ದಶಕದಿಂದ ಇಳಿಯುತ್ತಾ ಬಂದಿದೆ ಎಂಬುದನ್ನು ಆ ದಾಖಲೆಗಳು ತೋರಿಸಿವೆ. ಕಾಲುವೆ ಇಲ್ಲದ ಹೊಳೆಗಳಲ್ಲೂ ಅಷ್ಟೇ, ಮಳೆಯೇ ಕಡಿಮೆಯಾಗುತ್ತಿದೆ.

ಕೆಸುವಿಗೆ ಹರಿಯುವ ತಣ್ಣನೆಯ ನೀರು ಬೇಕು. 25 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಗಡ್ಡೆ ಕೊಳೆಯುವ ರೋಗ ಹೆಚ್ಚುತ್ತದೆ. ಅದಕ್ಕಾಗಿಯೇ ಎಕರೆಗೆ ದಿನಕ್ಕೆ 1 ಲಕ್ಷದಿಂದ 3 ಲಕ್ಷ ಗ್ಯಾಲನ್, ಎಂದರೆ ಸುಮಾರು 4ರಿಂದ 11 ಲಕ್ಷ ಲೀಟರು ನೀರು ಗದ್ದೆಯ ಮೂಲಕ ಹಾದುಹೋಗಬೇಕು ಎಂದು ಬೆಳೆಗಾರರು ಹೇಳುತ್ತಾರೆ. ಕೇಳಿದವರು ಬೆಚ್ಚಿಬೀಳುವ ಅಂಕಿ. ಆದರೆ ಹಾದುಹೋಗುವುದು ಬೇರೆ, ಕುಡಿದು ಮುಗಿಸುವುದು ಬೇರೆ. ಬಹುಪಾಲು ನೀರು ಹೊಳೆಗೆ ಮರಳುತ್ತದೆ. ಕಬ್ಬಿನ ಕಾಲುವೆಗೆ ಹೋದದ್ದು ಮರಳುವುದಿಲ್ಲ.

ಹೊಳೆಯಲ್ಲಿ ಕನಿಷ್ಠ ಎಷ್ಟು ಬಿಡಬೇಕು? ಸಾಮಾನ್ಯ ಮೂಲ ಹರಿವಿನ ಶೇಕಡಾ 64ರಷ್ಟು ಉಳಿದರೆ ಮೀನು, ಸಿಗಡಿ, ಬಸವನಹುಳುಗಳ ನೆಲೆಯ ಶೇಕಡಾ 90ರಷ್ಟು ಉಳಿಯುತ್ತದೆ ಎಂಬ ಅಂದಾಜನ್ನು ಪೂರ್ವ ಮಾವಿಯ ಹೊಳೆಗಳ ವಿಚಾರಣೆಯಲ್ಲಿ ಬಳಸಿದರು. 2018ರ ಜೂನ್ ತಿಂಗಳ ತೀರ್ಪಿನಲ್ಲಿ ಅಲ್ಲಿಯ ಹಲವು ಹೊಳೆಗಳಿಗೆ ಪೂರ್ತಿ ನೀರನ್ನೇ ಮರಳಿಸಲು ಆಯೋಗ ಹೇಳಿತು. ಅರ್ಧ ದಾಟಬೇಡ ಎಂಬ ಹಳೆಯ ಕಟ್ಟಳೆಯೂ ಶೇಕಡಾ 64ರ ಹೊಸ ಲೆಕ್ಕವೂ ಇಷ್ಟು ಹತ್ತಿರ ಬಂದು ನಿಲ್ಲುವುದನ್ನು ಕಂಡು ನನಗೆ ರೋಮಾಂಚನವಾಯಿತು. ಮೊದಲನೆಯದು ಗದ್ದೆಯಲ್ಲಿ ತಲೆಮಾರುಗಳು ಕಂಡುಕೊಂಡದ್ದು, ಎರಡನೆಯದು ಮೀನನ್ನು ಎಣಿಸಿ ಕಂಡುಕೊಂಡದ್ದು. ನಮ್ಮ ಪಶ್ಚಿಮಕ್ಕೆ ಹರಿಯುವ ಒಂದೊಂದು ಹೊಳೆಗೂ ಇಂಥ ಒಂದು ಅಂಕಿ ಬೇಕು, ಯೋಜನೆಯ ಶಂಕುಸ್ಥಾಪನೆಗೆ ಮೊದಲೇ ಬೇಕು, ಊರವರ ಎದುರಿಗೇ ಓದಿ ಹೇಳಬೇಕು.

ಗುರುವಾರ, ವಾಯ್‌ಪಾ

ಕವಾಯ್ ದ್ವೀಪದ ಉತ್ತರ ತೀರ. ಹನಲೆಯಿ ದಾಟಿದ ಮೇಲೆ ರಸ್ತೆ ಒಂದೇ ವಾಹನ ಹಿಡಿಸುವ ಸೇತುವೆಗಳ ಮೇಲೆ ಸಾಗುತ್ತದೆ. ಈಚೆಯವರು ನಿಂತು ಆಚೆಯವರಿಗೆ ದಾರಿ ಬಿಡುತ್ತಾರೆ.

ವಾಯ್‌ಪಾ ಸುಮಾರು 1,600 ಎಕರೆಯ ಒಂದು ಅಹುಪುಆಅ, ಬೆಟ್ಟದಿಂದ ಕಡಲವರೆಗೆ ಇನ್ನೂ ತುಂಡಾಗದೆ ಉಳಿದದ್ದು. 1980ರ ದಶಕದಲ್ಲಿ ಇಲ್ಲಿ ಬಡಾವಣೆ ಬರುವುದನ್ನು ಸ್ಥಳೀಯ ಕುಟುಂಬಗಳು ತಡೆದು, ತಾವೇ ನೋಡಿಕೊಳ್ಳುತ್ತೇವೆ ಎಂದು ಮುಂದೆ ಬಂದವು. ಗುರುವಾರ ಪೋಯ್ ಮಾಡುವ ದಿನ. ಬೇಯಿಸಿದ ಕೆಸುವಿನ ಗಡ್ಡೆಗಳ ರಾಶಿಯ ಸುತ್ತ ಅಜ್ಜಿಯರು, ಶಾಲೆಯ ಮಕ್ಕಳು, ನಮ್ಮಂಥ ಪರದೇಶದವರು ಕೂತು ಸಿಪ್ಪೆ ಕೆರೆಯುತ್ತೇವೆ. ಅರೆದು, ನೀರು ಬೆರೆಸಿದರೆ ನೇರಳೆ ಬಣ್ಣದ ಪೋಯ್. ಮೊದಲ ದಿನ ಸಪ್ಪೆ, ಇಟ್ಟಷ್ಟೂ ಹುಳಿ. "ಅಮ್ಮ ಇದ್ದಿದ್ದರೆ ಒಗ್ಗರಣೆ ಹಾಕುತ್ತಿದ್ದರು" ಎಂದಳು ತಂಗಿ. ಪೋಯ್ ಊರಿನ ಮನೆಗಳಿಗೆ, ಮುಖ್ಯವಾಗಿ ವಯಸ್ಸಾದವರಿಗೆ, ಕೈಗೆಟುಕುವ ಬೆಲೆಗೆ ಹೋಗುತ್ತದೆ. ಹೊಳೆಯ ಕೆಲಸ ಎಂದರೆ ಬರೀ ಹೊಳೆಯ ಕೆಲಸವಲ್ಲ ಎಂದು ಇಲ್ಲಿ ಮನದಟ್ಟಾಗುತ್ತದೆ. ಗಡ್ಡೆ ತಿನ್ನುವವರು ಇದ್ದರಷ್ಟೇ ಕಾಲುವೆಯ ಹೂಳು ತೆಗೆಯುವವರು ಉಳಿಯುತ್ತಾರೆ.

2018ರ ಏಪ್ರಿಲ್ 14-15ರಂದು ಇದೇ ವಾಯ್‌ಪಾದ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ 49.69 ಅಂಗುಲ, ಎಂದರೆ 1,262 ಮಿಲಿಮೀಟರ್ ಮಳೆ ದಾಖಲಾಯಿತು. ಅಮೆರಿಕದ ಇತಿಹಾಸದಲ್ಲೇ ಅಷ್ಟು ಮಳೆ ಒಂದು ದಿನದಲ್ಲಿ ಬಿದ್ದದ್ದಿಲ್ಲ. ಆಗುಂಬೆಯ ಮಳೆ ಕಂಡವನು ನಾನು, ಆದರೂ ಈ ಅಂಕಿಯನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಗುಡ್ಡಗಳು ಜಾರಿದವು, ರಸ್ತೆ ಮುರಿಯಿತು, ಗದ್ದೆಗಳು ಹೂಳು ತುಂಬಿ ಮಾಯವಾದವು. ಆಚೆಯ ಊರುಗಳಿಗೆ ಹೋಗುವ ರಸ್ತೆ ಹೊರಗಿನವರಿಗೆ ತೆರೆದದ್ದು 2019ರ ಜೂನ್‌ನಲ್ಲಿ. ಒಟ್ಟು ಮಳೆ ಇಳಿಯುತ್ತಾ, ಬಿದ್ದಾಗ ಹೀಗೆ ಬೀಳುವ ಕಾಲ ಇದು. ಹೊಳೆಗೆ ಹರಡಿಕೊಳ್ಳಲು ಗದ್ದೆ, ಜೌಗು ಬಿಟ್ಟುಕೊಟ್ಟ ಊರು ಇಂಥ ದಿನ ಸ್ವಲ್ಪವಾದರೂ ತಾಳಿಕೊಳ್ಳುತ್ತದೆ.

ಶುಕ್ರವಾರ, ಹಾಎನಾ

ರಸ್ತೆ ಮುಗಿಯುವ ಕಡೆ ಹಾಎನಾ. ನೆರೆಯಿಂದ ರಸ್ತೆ ಮುಚ್ಚಿದ್ದ ತಿಂಗಳುಗಳಲ್ಲಿ ಊರು ಯೋಚಿಸಿತು. ಮತ್ತೆ ತೆರೆದಾಗ ಇಲ್ಲಿಯ ರಾಜ್ಯ ಉದ್ಯಾನಕ್ಕೆ ದಿನಕ್ಕೆ 900 ಪ್ರವಾಸಿಗರು ಮಾತ್ರ, ಅದೂ ಮುಂಗಡ ಕಾದಿರಿಸಿ, ಎಂಬ ನಿಯಮ ಬಂದಿತು. ಇಲ್ಲಿಯ ಕಡಲಿನಲ್ಲಿ ಮೀನು ಹಿಡಿಯುವ ನಿಯಮಗಳನ್ನೂ ಊರವರೇ ಹಿರಿಯರ ಪದ್ಧತಿಯಂತೆ ಬರೆದರು. 2015ರಲ್ಲಿ ರಾಜ್ಯ ಅವುಗಳಿಗೆ ಕಾನೂನಿನ ಬಲ ಕೊಟ್ಟಿತು.

ಲಿಮಾಹುಲಿ ಕಣಿವೆ ರಾಷ್ಟ್ರೀಯ ಉಷ್ಣವಲಯ ಸಸ್ಯೋದ್ಯಾನದ ಉಸ್ತುವಾರಿಯಲ್ಲಿದೆ. ಬಾಗಿಲಲ್ಲೇ ಶತಮಾನಗಳ ಹಿಂದಿನ ಕಲ್ಲುಕಟ್ಟಿನ ಗದ್ದೆಗಳು, ಅವುಗಳಲ್ಲಿ ಇವತ್ತಿನ ಕೆಸು. ಮೇಲೆ ಹೊಳೆ. ಯಾವ ಕಾಲುವೆಯೂ ಬತ್ತಿಸದೆ ಬಿಟ್ಟ ಹವಾಯಿಯ ಹೊಳೆ ಹೇಗಿರುತ್ತದೆ ಎಂದು ಇಷ್ಟು ದಿನ ಊಹಿಸಿದ್ದನ್ನು ಇಲ್ಲಿ ಕಣ್ಣಾರೆ ಕಂಡೆ. ಬಂಡೆಯಿಂದ ಬಂಡೆಗೆ ಹಾರುವ ನೀರು, ನಡುನಡುವೆ ತಳ ಕಾಣುವ ಮಡುಗಳು.

ನಮ್ಮ ಜೊತೆಗಿದ್ದ ತರುಣ ಜೀವಶಾಸ್ತ್ರಜ್ಞ ಇದೇ ತೀರದ ಕುಟುಂಬದವನು. ನೀರಿಗಿಳಿಯುವ ಮುನ್ನ ಮೊದಲು ಮಂತ್ರದಂತೆ ಒಂದು ಓಲಿ ಹೇಳಿ ಕಣಿವೆಯ ಅನುಮತಿ ಕೇಳಿದ, ಆಮೇಲೆ ನಮ್ಮ ಕಾಲುಗಳಲ್ಲಿ ಗಾಯವಿದೆಯೇ ಎಂದು ನೋಡಿದ. ಕಾಡುಹಂದಿ, ಇಲಿಗಳಿರುವ ಹವಾಯಿಯ ಹೊಳೆಗಳಲ್ಲಿ ನಮ್ಮಲ್ಲಿಯಂತೆಯೇ ಇಲಿಜ್ವರದ ಭಯವಿದೆ. ಎರಡನ್ನೂ ಅವನು ಅಷ್ಟೇ ಶ್ರದ್ಧೆಯಿಂದ ಮಾಡಿದ.

ಮುಖಗವಸು ಹಾಕಿ ಮಡುವಿನಲ್ಲಿ ಬೋರಲು ಮಲಗಿದೆ. ಮೊದಲು ಬರೀ ಕಲ್ಲು. ಕಣ್ಣು ಪಳಗಿದ ಮೇಲೆ ಒಂದು ಕಲ್ಲು ಅಲುಗಿತು, ಅದು ನೋಪಿಲಿ ಎಂಬ ಒಓಪು. ಬೆರಳುದ್ದದ ಮೀನು, ಹೊಟ್ಟೆಯಡಿಯ ಈಜುರೆಕ್ಕೆಗಳು ಬೆಸೆದು ಬಟ್ಟಲಾಗಿ ಬಂಡೆಯನ್ನು ಹಿಡಿದುಕೊಂಡಿವೆ. ಬಾಯಿಯಿಂದ ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತಾ ಇಂಚಿಂಚು ಮೇಲೆ ಸರಿಯುತ್ತಿತ್ತು. ಮರಿಯಾಗಿದ್ದಾಗ ಜಲಪಾತ ಹತ್ತುವುದೂ ಹೀಗೆಯೇ: ಬಾಯಿ ಕಚ್ಚಿ, ಹೊಟ್ಟೆ ಅಂಟಿಸಿ, ಮತ್ತೆ ಬಾಯಿ. ಇದರ ದಾಯಾದಿ ಅಲಮೊಓ ಇನ್ನೂ ಗಟ್ಟಿಗ. ಹವಾಯಿ ದ್ವೀಪದಲ್ಲಿ 442 ಅಡಿ ಎತ್ತರದ ಅಕಾಕಾ ಜಲಪಾತದ ಮೇಲ್ಗಡೆಯೂ ಅದು ಸಿಗುತ್ತದೆ. ಪಕ್ಕದ ಕಲ್ಲಿನಲ್ಲಿ ಹೀಹೀವಾಯ್ ಎಂಬ ಕಪ್ಪು ಬಸವನಹುಳು, ಅದರ ಕೆಳಗೆ ಗಾಜಿನಷ್ಟು ತೆಳ್ಳನೆಯ ಸಿಗಡಿ. ಕಡಲಿಗೆ ಹೋಗಿ ಬಂದವೇ ಇವೆಲ್ಲ. ಇಲ್ಲಿಂದ ಕೆಳಗೆ ಅಳಿವೆಯವರೆಗೆ ಒಂದು ಕಡೆ ನೀರು ಕಡಿದುಹೋದರೂ ಈ ಬಂಡೆಗಳ ಮೇಲೆ ಯಾರೂ ಇರುತ್ತಿರಲಿಲ್ಲ.

ತರುಣ ಒಂದೊಂದು ಮಡುವಿನಲ್ಲೂ ಜಾತಿ, ಉದ್ದ, ನೀರಿನ ವೇಗ, ಆಳ ಕೂಗಿ ಹೇಳುತ್ತಿದ್ದ. ತಂಗಿ ನೀರಿನಲ್ಲಿ ನೆನೆಯದ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದಳು. ನೀರು ತಿರುಗಿಸಿದ ಬೇರೆ ಕಣಿವೆಗಳಲ್ಲಿ ಎಷ್ಟು ನೀರು ಬಿಟ್ಟರೆ ಮೀನು ಮರಳುತ್ತದೆ ಎಂದು ಅಳೆಯಲು ಇಂಥ ಹೊಳೆಗಳ ಲೆಕ್ಕವೇ ಮಾನದಂಡ. ಶರತ್ಕಾಲದ ಮೊದಲ ನೆರೆಯಲ್ಲಿ ನಾಕೆಯಾ ಎಂಬ ದೊಡ್ಡ ಒಓಪುಗಳು ಮೊಟ್ಟೆಯಿಡಲು ಕೆಳಗಿಳಿಯುತ್ತವೆ, ತನ್ನ ಅಜ್ಜ ಯಾವ ತಿಂಗಳಲ್ಲಿ ಅವುಗಳನ್ನು ಹಿಡಿಯುವುದನ್ನು ನಿಲ್ಲಿಸುತ್ತಿದ್ದರು ಎಂಬುದೂ ತನ್ನ ದಾಖಲೆಯಲ್ಲಿದೆ ಎಂದ. ಹಾಳೆಯಲ್ಲಿ ಅದಕ್ಕೊಂದು ಪ್ರತ್ಯೇಕ ಕಾಲಂ ಇತ್ತು. ಮಧ್ಯಾಹ್ನದ ಹೊತ್ತಿಗೆ ತಂಗಿಯ ಕೈ ಮರಗಟ್ಟಿ ಹಾಳೆಯನ್ನು ನನಗೆ ಕೊಟ್ಟಳು. ಮುಂದಿನ ಮಡುವಿನ ಸಂಖ್ಯೆ ಬರೆದುಕೊಂಡು ನಾನು ಅವರ ಹಿಂದೆ ಬಂಡೆ ಹತ್ತಿದೆ.